ಚಲನೆ ನೇರ, ಉತ್ತಮ

ಸಿ.ಎಸ್. ಪುರ
19 ಜನವರಿ 2025

ಕೃತಿಕಾಳಿಗೆ,

ಬರೆಯುತ್ತಿರುವುದು ನಿನ್ನ ಮಾವ. ಫೋನ್ ಇರುವಾಗ ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ನನ್ನ ಕಿವಿಯ ವಿಷಯ ನಿನಗೆ ಗೊತ್ತು. ಸ್ಪೀಕರ್ ಹಾಕದಿದ್ದರೆ ನನಗೆ ಕೇಳುವುದಿಲ್ಲ, ಹಾಕಿದರೆ ಎದುರುಮನೆ ಚಿಕ್ಕಮಾರಮ್ಮನಿಗೂ ಕೇಳುತ್ತದೆ. ಇದು ಬೀದಿಗೆ ಕೇಳಿಸುವ ಮಾತಲ್ಲ.

ನೀನು ಕುಣಿಗಲ್ಲಿಗೆ ನಿನ್ನ ಅಮ್ಮನ ಮನೆಗೆ ಹೋಗಿ ಮೂರು ವಾರವಾಯಿತು. ಕಾಲೇಜಿಗೆ ಹತ್ತಿರವಾಗುತ್ತದೆ, ಪರೀಕ್ಷೆಯ ಕೆಲಸವಿದೆ ಎಂದು ಹೇಳಿ ಹೋದೆ. ನಿನ್ನ ಅತ್ತೆ ಅದನ್ನು ನಂಬಿದ್ದಾಳೆ. ನಾನು ನಂಬಿದವನಂತೆ ಇದ್ದೇನೆ. ನಿನ್ನ ಗಂಡ ತಿಮ್ಮೇಶ ಸರ್ವೆ ಕೆಲಸಕ್ಕೆ ಗುಬ್ಬಿಗೆ ಹೋಗುತ್ತಾನೆ, ಜಮೀನು ಅಳೆದು ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಏನಾದರೂ ಕೇಳಿದರೆ 'ಹೂಂ' ಎನ್ನುತ್ತಾನೆ.

ಮಗುವಿಗಾಗಿ ನೀವು ತುಮಕೂರಿನ ಆಸ್ಪತ್ರೆಯಲ್ಲಿ ಮಾಡಿಸಿದ್ದು ಏನಾಯಿತೆಂದು ಅವನು ಒಂದೇ ವಾಕ್ಯದಲ್ಲಿ ಹೇಳಿದ. ಹನ್ನೊಂದು ಅಂಡ ತೆಗೆದರು, ಅವು ಸರಿ ಇರಲಿಲ್ಲವಂತೆ, ಒಂದೂ ಆಗಲಿಲ್ಲ ಎಂದ. ಅಷ್ಟು ದಿನ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡವಳು ನೀನು. ನಾನು ಬಂದು ಒಂದು ಮಾತು ಆಡಬೇಕಿತ್ತು. ಆಡಲಿಲ್ಲ.

ಆದರೆ ನನಗೆ ಒಂದು ವಿಷಯ ಬಗೆಹರಿಯುತ್ತಿಲ್ಲ. ಮೂವತ್ತನಾಲ್ಕು ವರ್ಷ ಪಶು ಆಸ್ಪತ್ರೆಯಲ್ಲಿ ನಾನು ಮಾಡಿದ ಕೆಲಸವೇ ಇದು. ಬೆದೆಗೆ ಬಂದ ಹಸುವಿಗೆ ಹೋರಿಯ ವೀರ್ಯದ ನಳಿಕೆ ಹಾಕುವುದು. ಹಾಕುವ ಮೊದಲು ಒಂದು ತೊಟ್ಟನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಎಲ್ಲರೂ ನೋಡುವುದಿಲ್ಲ, ನಾನು ನೋಡುತ್ತಿದ್ದೆ. ನೇರವಾಗಿ ಓಡಿದರೆ ಒಳ್ಳೆಯದು, ಅಲ್ಲೇ ಒದ್ದಾಡಿದರೆ ಕೆಟ್ಟದ್ದು. ನಿಮ್ಮ ಮದುವೆಯಾದ ಮೂರನೇ ವರ್ಷ ತಿಮ್ಮೇಶ ಒಂದು ಸಣ್ಣ ಶೀಶೆಯನ್ನು ಕರವಸ್ತ್ರದಲ್ಲಿ ಸುತ್ತಿ, ಅಂಗಿಯೊಳಗೆ ಮೈಗೆ ಒತ್ತಿಕೊಂಡು ನನ್ನ ಹತ್ತಿರ ತಂದಿದ್ದ. ಲ್ಯಾಬಿಗೆ ಹೋಗಲು ಅವನಿಗೆ ನಾಚಿಕೆ. ಅಪ್ಪನ ಹತ್ತಿರ ಬಂದ. ನಾನು ನೋಡಿದೆ. ಚೆನ್ನಾಗಿ ಓಡುತ್ತಿದ್ದವು. ರಿಜಿಸ್ಟರಿನಲ್ಲಿ ಬರೆಯುವಂತೆಯೇ ಒಂದು ಚೀಟಿಯಲ್ಲಿ ಬರೆದುಕೊಟ್ಟೆ: 'ಚಲನೆ ನೇರ, ಉತ್ತಮ. ಶೇಕಡ ಎಪ್ಪತ್ತು.'

ಅಷ್ಟು ಚೆನ್ನಾಗಿದ್ದವು ಹನ್ನೊಂದರಲ್ಲಿ ಒಂದಕ್ಕೂ ಸೇರಲಿಲ್ಲವೆಂದರೆ ಹೇಗೆ? ನೀನು ಪಾಠ ಮಾಡುವುದು ಅರ್ಥಶಾಸ್ತ್ರ, ನಿಜ. ಆದರೂ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುವವಳು ನಮ್ಮ ಮನೆಯಲ್ಲಿ ನೀನೊಬ್ಬಳೇ. ಅಲ್ಲಿ ಏನು ಹೇಳಿದರು ಎಂದು ಬರೆ.

ರಾಗಿ ಹಿಟ್ಟು ಬೀಸಿಸಿ ಕಳಿಸಿದ್ದೇನೆ. ಕಂಡಕ್ಟರ್ ಅಶ್ವಥ್ ತಂದುಕೊಡುತ್ತಾನೆ.

ನಿನ್ನ ಮಾವ,
ಸಿದ್ದಗಂಗಯ್ಯ

*

ಕುಣಿಗಲ್
2 ಫೆಬ್ರವರಿ 2025

ಮಾವನವರಿಗೆ ನಮಸ್ಕಾರ.

ಹಿಟ್ಟು ಬಂತು. ಅಮ್ಮ ಅದೇ ದಿನ ಮುದ್ದೆ ಮಾಡಿದರು.

ನೀವು ಕೇಳಿದ್ದನ್ನು ಬರೆಯುತ್ತೇನೆ. ಆ ಲ್ಯಾಬಿನಲ್ಲಿ ಹರ್ಷಿತಾ ಎಂಬ ಹುಡುಗಿ ಇದ್ದಾರೆ. ಅಂಡಗಳನ್ನು ನೋಡಿಕೊಳ್ಳುವವರು ಅವರೇ. ಅವರು ಹೇಳಿದ್ದನ್ನು ಬಸ್ಸಿನಲ್ಲಿ ಡೈರಿಯ ಹಿಂದಿನ ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದೆ. ಅದನ್ನೇ ನೋಡಿಕೊಂಡು ಬರೆಯುತ್ತಿದ್ದೇನೆ.

ಅಂಡಗಳನ್ನು ಒಂದು ತಟ್ಟೆಯಲ್ಲಿಟ್ಟು, ಸುತ್ತ ವೀರ್ಯಾಣುಗಳನ್ನು ಬಿಟ್ಟು, ಮೈಯ ಶಾಖದಲ್ಲಿ ಒಂದು ರಾತ್ರಿ ಇಡುತ್ತಾರೆ. ಬೆಳಿಗ್ಗೆ ನೋಡಿದಾಗ ಎಲ್ಲವೂ ಬದುಕಿದ್ದವಂತೆ. ಅಂಡಗಳೂ ದುಂಡಗೆ, ಸ್ವಚ್ಛವಾಗಿ ಇದ್ದವಂತೆ. ವೀರ್ಯಾಣುಗಳು ಆಗಲೂ ಈಜುತ್ತಲೇ ಇದ್ದವು. ನೇರವಾಗಿ, ಶಿಸ್ತಾಗಿ. ಅಂಡದವರೆಗೆ ಬರುತ್ತವೆ, ತಾಗುತ್ತವೆ, ಪಕ್ಕದಿಂದ ಹೊರಟುಹೋಗುತ್ತವೆ.

ನೇರ ಈಜುವುದು ದಾರಿ ನಡೆಯಲಿಕ್ಕೆ ಮಾತ್ರವಂತೆ. ಆಗ ಬಾಲ ಎರಡೂ ಕಡೆಗೆ ಸಮವಾಗಿ, ಸಣ್ಣಗೆ ಬಡಿಯುತ್ತದೆ. ಹೆಣ್ಣಿನ ದೇಹದಲ್ಲಾದರೆ ಅಂಡನಾಳದವರೆಗೆ ಹಾಗೆ ಹೋಗಿ, ನಾಳದ ಗೋಡೆಗೆ ತಲೆ ಅಂಟಿಸಿಕೊಂಡು ಕಾಯುತ್ತವೆ. ಅಂಡ ಬರುವ ಹೊತ್ತಿಗೆ ಬಾಲದಲ್ಲಿರುವ ತೀರ ಸಣ್ಣ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಆಗ ನಡಿಗೆಯೇ ಬದಲಾಗುತ್ತದೆ. ಬಾಲ ಒಂದು ಕಡೆಗೆ ಆಳವಾಗಿ ಬಾಗಿ ಚಾಟಿಯಂತೆ ಬೀಸುತ್ತದೆ. ನೋಡಿದವರಿಗೆ ದಿಕ್ಕು ತಪ್ಪಿ ಒದ್ದಾಡುವ ಹಾಗೆ ಕಾಣುತ್ತದೆ. ಆ ಒದ್ದಾಟದ ಬಲದಿಂದಲೇ ಗೋಡೆಯಿಂದ ಬಿಡಿಸಿಕೊಳ್ಳುವುದು, ಅಂಡದ ಸುತ್ತ ಇರುವ ಗಟ್ಟಿ ಹೊದಿಕೆಯನ್ನು ತೂರುವುದು. ತಟ್ಟೆಯಲ್ಲಿ ಗೋಡೆ ಇಲ್ಲದಿದ್ದರೂ ಹೊದಿಕೆ ಇದ್ದೇ ಇರುತ್ತದೆ. ನೇರವಾಗಿ ಈಜುತ್ತಲೇ ಇರುವುದಕ್ಕೆ ಅದನ್ನು ತೂರಲಾಗದು. ಮಾಮೂಲಿ ಪರೀಕ್ಷೆಯಲ್ಲಿ ಇದು ಗೊತ್ತಾಗುವುದೂ ಇಲ್ಲ. ಅಲ್ಲಿ ನೋಡುವುದು ಎಷ್ಟಿವೆ, ಎಷ್ಟು ಓಡುತ್ತವೆ ಎಂದಷ್ಟೇ.

ಅವರು ಹೇಳಿದ್ದು ಇಷ್ಟು. ಇದರ ಮೇಲೆ ನನ್ನದೇನನ್ನೂ ಸೇರಿಸುವುದಿಲ್ಲ.

ಬೀದಿಗೆ ಕೇಳಿಸದ ಕಾಗದ ಎಂದ ಮೇಲೆ ಇನ್ನೊಂದು ವಿಷಯವನ್ನೂ ಬರೆದುಬಿಡುತ್ತೇನೆ. ಹೋದ ವರ್ಷ ಶ್ರಾವಣದಲ್ಲಿ, ಬೆಳಿಗ್ಗೆ ಡೇರಿಯ ಮುಂದೆ, ಗಂಗಹನುಮಯ್ಯನವರು ನಿಮ್ಮನ್ನು ಮೊಮ್ಮಕ್ಕಳ ಬಗ್ಗೆ ಕೇಳಿದರು. 'ನಮ್ ಹುಡುಗುನ್ದು ನಾನೇ ಕಣ್ಣಾರೆ ನೋಡಿದೀನಿ ಕಣಯ್ಯ. ಬೀಜ ಚೆನ್ನಾಗವೆ. ಹೊಲದ್ದು ನಾನ್ ಹೇಳಕ್ಕಾಗಲ್ಲ' ಎಂದಿರಿ. ಅವತ್ತು ಅತ್ತೆಗೆ ಜ್ವರವಿತ್ತು. ಹಾಲಿನ ಕ್ಯಾನ್ ಹಿಡಿದು ನಿಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದವಳು ನಾನು.

ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ.

ಕೃತಿಕಾ

*

ಸಿ.ಎಸ್. ಪುರ
9 ಮಾರ್ಚ್ 2025

ಕೃತಿಕಾ,

ನಿನ್ನ ಕಾಗದ ಬಂದು ತಿಂಗಳಾಯಿತು. ನಾಲ್ಕು ಸಲ ಬರೆಯಲು ಕೂತು ಎದ್ದೆ.

ಕಾಗದದ ಕೊನೆಯ ಭಾಗ ಓದಿದ ದಿನ ನಾನು ಡೇರಿಗೆ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ನೀನು ಹಿಂದೆ ನಿಂತಿದ್ದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಬರೆದು, ಹೊಡೆದುಹಾಕಿದೆ. ನೀನು ಇಲ್ಲದಿದ್ದರೂ ಅದು ಆಡಬಾರದ ಮಾತೇ. ತಪ್ಪಾಯಿತು ತಾಯಿ. ಇಷ್ಟು ಬರೆಯಲು ಒಂದು ತಿಂಗಳು ಬೇಕಾಯಿತು.

ಹೋದ ಮಂಗಳವಾರ, ಹಲ್ಲು ತೋರಿಸಿಕೊಂಡು ಬರುತ್ತೇನೆ ಎಂದು ನಿನ್ನ ಅತ್ತೆಗೆ ಸುಳ್ಳು ಹೇಳಿ, ತುಮಕೂರಿಗೆ ಹೋಗಿದ್ದೆ. ಆ ಹರ್ಷಿತಾಳನ್ನು ಹುಡುಕಿಕೊಂಡು ಹೋದೆ. ಮೊದಲು ಬಾಗಿಲಲ್ಲೇ ನಿಲ್ಲಿಸಿ, 'ಅಂಕಲ್, ಯಾರ ರಿಪೋರ್ಟೂ ನಾನು ಹೇಳಂಗಿಲ್ಲ' ಎಂದಳು. 'ರಿಪೋರ್ಟ್ ಬ್ಯಾಡ ಕಣಮ್ಮ. ನಾನೂ ಇದೇ ಕಸುಬಿನೋನು, ಹಸುಗಳದ್ದು. ಆ ಒದ್ದಾಟ ಹೆಂಗಿರುತ್ತೆ ಅಂತ ಒಂದ್ಸಲ ತೋರ್ಸು' ಎಂದೆ. ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿ, ಹೊಸಬರಿಗೆ ಕಲಿಸಲೆಂದು ಇಟ್ಟುಕೊಂಡ ಒಂದು ವಿಡಿಯೋ ತೋರಿಸಿದಳು.

ನೋಡಿದ ತಕ್ಷಣ ನನ್ನ ಬಾಯಿಂದ, 'ಇದು ಕೆಟ್ಟೋಗದೆ, ಬಿಸಾಕು' ಎಂದು ಬಂದುಬಿಟ್ಟಿತು. ಅವಳು ನಕ್ಕಳು. 'ಅಯ್ಯೋ ಅಂಕಲ್, ಇದೇ ಬೇಕಾಗಿರೋದು!' ಎಂದಳು.

ನಾನು ಹಾಗಲವಾಡಿಯ ಪಶು ಆಸ್ಪತ್ರೆಯಲ್ಲಿದ್ದಾಗ ಹೀಗೆ ಬಳುಕಿ ಬಡಿದುಕೊಳ್ಳುವುದು ಕಂಡರೆ ಆ ನಳಿಕೆಗಳನ್ನು ಎಸೆಯುತ್ತಿದ್ದೆ. ಗಾಬರಿ ಬಿದ್ದಿವೆ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಅದನ್ನು ಹೇಳಿದೆ. ಅವಳು ಸಮಾಧಾನಕ್ಕೆ ಹೇಳಿದಳೋ ನಿಜವೋ, 'ನೀವು ಎಸೆದಿದ್ದು ಸರಿನೇ. ಫ್ರೀಜ್ ಮಾಡಿ ತೆಗೆದಾಗ ಕೆಲವು ಮುಂಚೆನೇ ಶುರು ಹಚ್ಕೊಂಡ್ಬಿಡ್ತವೆ. ದಾರೀಲೇ ಸುಸ್ತಾಗಿ ಸಾಯ್ತವೆ. ಆದ್ರೆ ಕೊನೇವರ್ಗೂ ಶುರು ಮಾಡ್ದೇ ಇರೋದೂ ಕಷ್ಟನೇ ಅಲ್ವಾ?' ಎಂದಳು.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಕಣ್ಣಿ ಹಾಕಿದ ಕರು ನೇರ ಎಳೆದಷ್ಟೂ ಹಗ್ಗ ಬಿಗಿಯುತ್ತದೆ. ಹಿಂದೆ ಸರಿದು, ತಲೆಯನ್ನು ಆ ಕಡೆ ಈ ಕಡೆ ಕೊಡವಿದರೆ ಮಾತ್ರ ಕಣ್ಣಿ ಜಾರುತ್ತದೆ. ಇದನ್ನು ನಾನು ಸಾವಿರ ಸಲ ನೋಡಿದ್ದೇನೆ. ನೋಡಿಯೂ ಮೈಕ್ರೋಸ್ಕೋಪಿನ ಮುಂದೆ ಕೂತಾಗ ನೇರ ಓಡುವುದೊಂದನ್ನೇ ಹುಡುಕಿದೆ. ಅದೂ ಅರ್ಧ ನಿಮಿಷ.

ನೀನು ಏನನ್ನೂ ಸೇರಿಸುವುದಿಲ್ಲ ಎಂದು ಬರೆದೆ. ನನಗೆ ಅರ್ಥವಾಗಿದೆ. ಅಂಡಗಳು ಸರಿಯಾಗಿಯೇ ಇದ್ದವು. ತಿಮ್ಮೇಶ ನಮಗೆ ಹೇಳಿದ್ದು ನಿಜವಲ್ಲ.

ಈ ವಾರ ಮುಗಿಯುವುದರೊಳಗೆ ಡೇರಿಗೆ ಹೋಗಿ, ಎಲ್ಲರ ಮುಂದೆ ಹೇಳಿಬಿಡುತ್ತೇನೆ. ದೋಷ ನನ್ನ ಸೊಸೆಯದಲ್ಲ, ಮಗನದು ಎಂದು. ಅಂದದ್ದು ಎಲ್ಲಿಯೋ ಅಲ್ಲಿಯೇ ಹೇಳಬೇಕು. ನಿನಗೆ ಬೇಡವೆನ್ನಿಸಿದರೆ ಕೂಡಲೇ ಬರೆ.

ಸಿದ್ದಗಂಗಯ್ಯ

*

ಕುಣಿಗಲ್
13 ಮಾರ್ಚ್ 2025

ಮಾವ,

ಹೇಳಬೇಡಿ. ಈ ಕಾಗದ ತಲುಪುವ ಮೊದಲೇ ಹೇಳಿಬಿಟ್ಟಿರುತ್ತೀರೋ ಎಂದು ಭಯ. ಅದಕ್ಕೇ ಅಂಚೆಗೆ ಹಾಕದೆ ಅಶ್ವಥ್ ಅವರ ಕೈಯಲ್ಲಿ ಕೊಡುತ್ತಿದ್ದೇನೆ.

ನನ್ನ ತಲೆಯ ಮೇಲಿದ್ದುದನ್ನು ಇಳಿಸಿ ಅವರ ತಲೆಯ ಮೇಲೆ ಇಟ್ಟರೆ ನನಗೇನು ಬಂತು? ತಿಮ್ಮೇಶ್ ಸರಪಳಿ ಹಿಡಿದು ಹೋಬಳಿಯ ಎಲ್ಲ ಊರಿಗೂ ಹೋಗುವವರು. ಹೋದ ಹೋದ ಹೊಲದ ಬದುವಿನಲ್ಲಿ ಜನ ಅದನ್ನೇ ಪಿಸುಗುಟ್ಟುತ್ತಾರೆ. ಅವರ ಮೈಯೊಳಗೆ ಒಂದು ಸಣ್ಣ ಬಾಗಿಲು ಹುಟ್ಟಿನಿಂದಲೇ ತೆರೆಯದಿದ್ದರೆ ಅದು ದೋಷ ಹೇಗಾಗುತ್ತದೆ? ಆ ಪದವನ್ನು ನನಗೆ ಬಳಸಿದಾಗ ಎಷ್ಟು ತಪ್ಪೋ ಅವರಿಗೆ ಬಳಸಿದರೂ ಅಷ್ಟೇ ತಪ್ಪು.

ನಾನು ಇಲ್ಲಿಗೆ ಬಂದದ್ದು ನಿಮ್ಮ ಮಾತಿನಿಂದಲ್ಲ. ಅದನ್ನು ಸಹಿಸಿಕೊಂಡು ನಾಲ್ಕು ತಿಂಗಳು ನಿಮಗೆ ಕಾಫಿ ಕೊಟ್ಟಿದ್ದೇನೆ. ಡಾಕ್ಟರು ಡಿಸೆಂಬರಿನಲ್ಲಿ ನಮ್ಮಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದರು. ಬಸ್ಸಿನಲ್ಲಿ ಗುಬ್ಬಿ ದಾಟುವವರೆಗೆ ತಿಮ್ಮೇಶ್ ನನ್ನ ಕೈ ಹಿಡಿದುಕೊಂಡೇ ಇದ್ದರು. ಮನೆಗೆ ಬಂದೆವು. ಅತ್ತೆ ಏನಾಯಿತು ಎಂದರು. ನಾನು ಚಪ್ಪಲಿ ಬಿಡುತ್ತಿದ್ದೆ. 'ಅಂಡ ಸರಿ ಇರ್ಲಿಲ್ವಂತೆ' ಎಂದರು ತಿಮ್ಮೇಶ್. ನನ್ನ ಕಡೆ ತಿರುಗಿ ನೋಡುತ್ತಾರೆ ಎಂದುಕೊಂಡೆ. ಸ್ನಾನಕ್ಕೆ ಹೋದರು. ಒಂಬತ್ತು ದಿನ ಕಾದೆ. ಆಮೇಲೆ ಬಂದೆ.

ಇನ್ನೊಂದು ದಾರಿ ಇದೆ. ಒಂದೊಂದೇ ವೀರ್ಯಾಣುವನ್ನು ಹಿಡಿದು ಸಣ್ಣ ಸೂಜಿಯಿಂದ ಅಂಡದ ಒಳಗೇ ಬಿಡುತ್ತಾರಂತೆ. ಆಗ ಅದು ಹೇಗೆ ಈಜುತ್ತದೆ ಎಂಬುದು ಮುಖ್ಯವಲ್ಲ. ಜೂನಿನೊಳಗೆ ಮಾಡಬಹುದು ಎಂದಿದ್ದಾರೆ. ಅದಕ್ಕೆ ಇಬ್ಬರೂ ಸಹಿ ಹಾಕಬೇಕು. ನಾನು ಸುಳ್ಳಿನ ಮೇಲೆ ಇನ್ನೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವುದಿಲ್ಲ. ಅವರು ತಾವಾಗಿ, ತಮ್ಮ ಬಾಯಿಂದ, ಇದ್ದದ್ದನ್ನು ಇದ್ದಂತೆ ಹೇಳಿದರೆ ಸಹಿ ಹಾಕುತ್ತೇನೆ. ಇಲ್ಲವಾದರೆ ಇಲ್ಲ. ಹೇಳುವವರು ಅವರಾಗಿರಬೇಕು, ಹೇಳಿಸಿದವರು ನೀವಾಗಬಾರದು.

ಕೃತಿಕಾ

*

ಸಿ.ಎಸ್. ಪುರ
20 ಏಪ್ರಿಲ್ 2025

ಕೃತಿಕಾ,

ನಿನ್ನ ಮಾತಿಗೆ ತಪ್ಪಲಿಲ್ಲ. ಆದರೆ ಸುಮ್ಮನೆಯೂ ಇರಲಿಲ್ಲ. ನಡೆದದ್ದನ್ನು ಬರೆಯುತ್ತೇನೆ, ಸರಿಯೋ ತಪ್ಪೋ ನೀನೇ ನೋಡು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕಿ, ಜನ ಚದುರುವ ಮೊದಲು, 'ಒಂದ್ ಮಾತ್ ಹೇಳ್ಬೇಕು, ನಿಂತ್ಕೊಳ್ರಪ್ಪ' ಎಂದೆ.

ಗಂಗಹನುಮಯ್ಯ, 'ಏನ್ ಸಿದ್ದಗಂಗಣ್ಣ, ಎಲೆಕ್ಷನ್‌ಗೆ ನಿಂತ್ಕೊಂಡಿದ್ಯಾ?' ಎಂದ.

'ಇಲ್ಲ ಕಣಯ್ಯ. ಹೋದ್ ವರ್ಷ ಇಲ್ಲೇ ನಿಂತ್ಕೊಂಡು ನನ್ ಸೊಸೆ ಬಗ್ಗೆ ಒಂದ್ ಮಾತಾಡಿದ್ದೆ. ಅದು ತಪ್ಪು.'

'ಹಂಗಾರೆ ತೊಂದ್ರೆ ಯಾರ್ದು, ಹುಡುಗುನ್ದಾ?'

'ನಂದು. ಅರ್ಧ ನಿಮಿಷ ನೋಡ್ಬಿಟ್ಟು ತೀರ್ಮಾನ ಕೊಟ್ಟೋನು ನಾನು. ಅಷ್ಟರಲ್ಲಿ ತಿಳಿಯೋ ಇಸ್ಯ ಅಲ್ಲ ಅದು. ಬ್ಯಾರೆ ಯಾರ್ ಮೇಲೂ ಹಾಕ್ಬ್ಯಾಡಿ.'

ಗಂಗಹನುಮಯ್ಯ ಗಡ್ಡ ಕೆರೆದುಕೊಂಡು, 'ಹಂಗಾರೆ ನಮ್ ಕೆಂದ ಹಸೂಗೂ ನೀನ್ ಅರ್ಧ ನಿಮಿಷನೇ ನೋಡಿದ್ದೇನಣ್ಣಾ? ಮೂರು ಸತಿ ಗಬ್ಬ ನಿಲ್ಲಿಲ್ವಲ್ಲ ಅದಕ್ಕೆ!' ಎಂದ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅಲ್ಲಿಗೆ ಮುಗಿಯಿತು. ಅಷ್ಟು ಸುಲಭಕ್ಕೆ ಮುಗಿಯುತ್ತದೆ ಎಂದು ಗೊತ್ತಿದ್ದರೆ ಮೊದಲೇ ಹೇಳಬಹುದಿತ್ತು.

ಸುದ್ದಿ ತಿಮ್ಮೇಶನಿಗೆ ಮುಟ್ಟಲು ಒಂದು ಗಂಟೆ ಸಾಕಾಯಿತು. ಎರಡು ವಾರದ ಮೇಲೆ, ಇವತ್ತು ಬೆಳಿಗ್ಗೆ, ನಾನು ಹಸು ತೊಳೆಯುತ್ತಿದ್ದಾಗ ಅವನು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ.

'ಅಪ್ಪ, ನಿನ್ಗೆ ಯಾರ್ ಹೇಳಿದ್ರು?'

'ಹನ್ನೊಂದಕ್ಕೆ ಹನ್ನೊಂದೂ ಒಟ್ಗೆ ಕೆಡೋದು ಅಪರೂಪ ಕಣೋ. ನಾನೂ ಮೂವತ್ನಾಲ್ಕು ವರ್ಷ ಅದನ್ನೇ ಮಾಡಿದೀನಿ' ಎಂದೆ. ನಿನ್ನ ಕಾಗದದ ಮಾತೆತ್ತಲಿಲ್ಲ.

'ನೀನೇ ಬರ್ಕೊಟ್ಟಿದ್ದೆ. ಉತ್ತಮ ಅಂತ' ಎಂದ. ಮೂವತ್ತೇಳು ವರ್ಷದ ಗಂಡಸು, ಏಳನೇ ಕ್ಲಾಸಿನ ಹುಡುಗ ಮಾರ್ಕ್ಸ್ ಕಾರ್ಡ್ ಬಗ್ಗೆ ಹೇಳುವ ಹಾಗೆ.

'ಬರ್ಕೊಟ್ಟಿದ್ದೆ. ಅದನ್ನ ವಾಪಸ್ ಕೊಡು.'

ಪರ್ಸಿನಿಂದ ತೆಗೆದ. ನೋಡಮ್ಮ, ಅದನ್ನು ಲ್ಯಾಮಿನೇಷನ್ ಮಾಡಿಸಿದ್ದಾನೆ. ಗುಬ್ಬಿಯಲ್ಲಿ, ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ. ಹರಿಯಲು ಹೋದೆ, ಹರಿಯಲಿಲ್ಲ. ಹಲ್ಲಿನಲ್ಲಿ ಕಚ್ಚಿದೆ. 'ಕುಡುಗೋಲ್ ತರ್ಲಾ?' ಎಂದ. ಇಬ್ಬರಿಗೂ ನಗು ಬಂತು. ನಗುತ್ತಾ ನಗುತ್ತಾ ಅವನು ಅಲ್ಲೇ ಹಸು ಕುಡಿಯುವ ಕಲಗಚ್ಚಿನ ಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅಳತೊಡಗಿದ. ನನ್ನ ಕೈಯೆಲ್ಲ ಸಗಣಿ. ಹಾಗೆಯೇ ಮೊಣಕೈಯಿಂದ ಅವನ ತಲೆಯನ್ನು ನನ್ನ ಕಡೆಗೆ ಒತ್ತಿಕೊಂಡೆ.

'ನಾನ್ ನಿನ್ಗೆ ಕೊಡ್ಬೇಕಾಗಿದ್ದು ಚೀಟಿ ಅಲ್ಲ ಕಣೋ' ಎಂದೆ.

ಮುಖ ತೊಳೆದುಕೊಂಡು ಬೈಕ್ ತೆಗೆದುಕೊಂಡು ಹೋದ. ಇವತ್ತು ಭಾನುವಾರ, ಆಫೀಸಿಲ್ಲ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಈಗ ಸಂಜೆ ನಾಲ್ಕು ಗಂಟೆ. ಇನ್ನೂ ಬಂದಿಲ್ಲ.

ನಿನ್ನ ಮಾವ

*

ಕುಣಿಗಲ್
27 ಏಪ್ರಿಲ್ 2025

ಮಾವ,

ತಿಮ್ಮೇಶ್ ಅವತ್ತು ಬೆಳಿಗ್ಗೆ ಒಂಬತ್ತೂವರೆಗೇ ಕುಣಿಗಲ್ಲಿಗೆ ಬಂದಿದ್ದರು. ಆದರೆ ನಮ್ಮ ಮನೆಗೆ ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ನಡುವೆ ಕೆರೆ ಏರಿಯ ಮೇಲೆ ಕೂತಿದ್ದರಂತೆ.

ಅಮ್ಮ ಬಾಗಿಲು ತೆಗೆದರು. ಅವರು ಒಳಗೂ ಬರಲಿಲ್ಲ, ನನ್ನನ್ನು ಕರೆಯಲೂ ಇಲ್ಲ. 'ಅತ್ತೆ, ಕೃತಿಕಾಂದೇನೂ ತೊಂದ್ರೆ ಇಲ್ಲ. ಇರೋದು ನಂದು. ಡಿಸೆಂಬರ್‌ನಲ್ಲೇ ಡಾಕ್ಟ್ರು ಹೇಳಿದ್ರು. ನಾನು ಮನೇಲಿ ಸುಳ್ಳು ಹೇಳ್ದೆ' ಎಂದರು. ಒಂದೇ ಉಸಿರಿಗೆ. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿರಬೇಕು. ನಾನು ಅಡುಗೆಮನೆಯಲ್ಲಿದ್ದೆ, ಕೈಯಲ್ಲಿ ಸೌಟಿತ್ತು.

ನನ್ನ ಅಮ್ಮ ರಂಗಲಕ್ಷ್ಮಮ್ಮ ಹೇಗೆಂದು ನಿಮಗೆ ಗೊತ್ತಲ್ಲ. ಅಳಿಯನ ಮುಖ ನೋಡಿ, 'ಊಟ ಆಗದಾ?' ಎಂದರು.

'ಇಲ್ಲ.'

'ಮತ್ತೆ ಬಿಸ್ಲಲ್ಲಿ ಯಾಕ್ ನಿಂತಿದೀಯ, ಬಾ ಒಳಿಕ್ಕೆ.'

ಊಟ ಬಡಿಸಿದವಳು ನಾನೇ. ಹೊರಡುವಾಗ ಬೈಕಿನವರೆಗೆ ಹೋದೆ. ಊರಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ, ರಾತ್ರಿ ಹೇಳುತ್ತೇನೆ ಎಂದರು. ನಾನು ಬರಲಾ ಎಂದು ಕೇಳಿದೆ. 'ಬ್ಯಾಡ, ನೀನಿದ್ರೆ ನಿನ್ ಮುಖ ನೋಡ್ಕೊಂಡ್ ಹೇಳ್ತೀನಿ. ಅಮ್ಮನ್ ಮುಖ ನೋಡ್ಕೊಂಡ್ ಹೇಳ್ಬೇಕು' ಎಂದರು.

ಹೇಳಿದರು ಎಂದು ಅತ್ತೆಯೇ ಸೋಮವಾರ ಫೋನ್ ಮಾಡಿ ತಿಳಿಸಿದರು. ಏನೆಂದರೋ ಪೂರ್ತಿ ಕೇಳಿಸಲಿಲ್ಲ, ಅಳುತ್ತಿದ್ದರು. ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದೇನೆ, ನಿನ್ನ ಪಾಲು ಎತ್ತಿಟ್ಟಿದ್ದೇನೆ ಎಂದದ್ದು ಮಾತ್ರ ಸ್ಪಷ್ಟವಾಗಿತ್ತು.

ನಿನ್ನೆ ಇಬ್ಬರೂ ತುಮಕೂರಿಗೆ ಹೋಗಿ ಸಹಿ ಹಾಕಿ ಬಂದೆವು.

ಕೃತಿಕಾ

*

ಕ್ಯಾತ್ಸಂದ್ರ
21 ಜೂನ್ 2025

ಮಾವ,

ಆಸ್ಪತ್ರೆಗೆ ಹತ್ತಿರವೆಂದು ಹತ್ತು ದಿನದಿಂದ ಇಲ್ಲೇ ಒಂದು ಕೋಣೆ ಹಿಡಿದಿದ್ದೇವೆ. ಬೆಳಿಗ್ಗೆ ಐದಕ್ಕೇ ಎದುರಿನ ಹಾಸ್ಟೆಲಿನ ಹುಡುಗರು ಬಕೆಟ್ ಬಡಿದು ಎಬ್ಬಿಸುತ್ತಾರೆ. ಸಂಜೆಯ ಸೂಜಿಯನ್ನು ತಿಮ್ಮೇಶ್ ಅವರೇ ಚುಚ್ಚುತ್ತಿದ್ದರು. ಮೊದಲ ದಿನ ನಾನೇ ಅವರಿಗೆ ಧೈರ್ಯ ಹೇಳಬೇಕಾಯಿತು.

ನಿನ್ನೆ ಒಂಬತ್ತು ಅಂಡ ತೆಗೆದರು. ಒಂಬತ್ತಕ್ಕೂ ಸೂಜಿಯಿಂದ ಬಿಟ್ಟರು. ಇವತ್ತು ಬೆಳಿಗ್ಗೆ ಹರ್ಷಿತಾ ಫೋನ್ ಮಾಡಿದರು. ಐದು ಕೂಡಿವೆ. ಒಂದೊಂದರಲ್ಲೂ ಎರಡೆರಡು ಪುಟ್ಟ ಉಂಗುರ ಪಕ್ಕಪಕ್ಕದಲ್ಲಿ ಕಾಣುತ್ತಿವೆಯಂತೆ, ಒಂದು ನನ್ನದು, ಒಂದು ಅವರದು.

ತಿಮ್ಮೇಶ್ ಫೋನ್ ತೆಗೆದುಕೊಂಡು, 'ಇನ್ನ್ ನಾಲ್ಕು ಯಾಕಾಗ್ಲಿಲ್ಲ ಮೇಡಂ?' ಎಂದು ಕೇಳಿದರು.

'ಗೊತ್ತಿಲ್ಲ ಸಾರ್. ಕೆಲವು ಆಗಲ್ಲ.'

'ಯಾರ್ ಕಡೆಯಿಂದ ಅಂತ ಏನಾದ್ರೂ...'

'ಅದೂ ಗೊತ್ತಿಲ್ಲ ಸಾರ್.'

ಫೋನ್ ಇಟ್ಟು ಮಂಚದ ತುದಿಯಲ್ಲಿ ಕೂತರು. 'ಗೊತ್ತಿಲ್ಲ ಅಂತ ಎಷ್ಟ್ ಸಲೀಸಾಗ್ ಅಂದ್ಬಿಟ್ರು ನೋಡು' ಎಂದರು. ಆಮೇಲೆ ಇಡ್ಲಿ ತರಲು ಹೋದರು. ಐದು ಜನಕ್ಕಾಗುವಷ್ಟು ತಂದಿದ್ದಾರೆ.

ಬುಧವಾರ ಒಂದನ್ನು ನನ್ನ ಗರ್ಭದೊಳಗೆ ಇಡುತ್ತಾರೆ. ನಿಲ್ಲಬಹುದು, ನಿಲ್ಲದಿರಬಹುದು. ತಿಳಿಯಲು ಇನ್ನೂ ಎರಡು ವಾರ ಬೇಕು. ಅಷ್ಟು ದಿನ ಇಲ್ಲಿ ಕಾಯುವುದಿಲ್ಲ. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಊರಿಗೆ ಬರುತ್ತೇವೆ. ನನ್ನ ಪುಸ್ತಕಗಳನ್ನೂ ಕುಣಿಗಲ್ಲಿನಿಂದ ತರಿಸಿಕೊಳ್ಳುತ್ತೇನೆ.

ಏನಾಯಿತು ಎಂದು ಅತ್ತೆ ಕೇಳುತ್ತಾರೆ. ಕೇಳಲಿ, ತಡೆಯಬೇಡಿ. ನಮಗೆ ಇನ್ನೂ ಗೊತ್ತಿಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳುತ್ತೇವೆ.

ಕೃತಿಕಾ